ಕಲ್ಲುನೀರುಗಳ ಪೂರ್ವವೃತ್ತಾಂತ
(ಉಪನ್ಯಾಸ)



ಯಲಹಂಕ, ಹೆಸರಘಟ್ಟ, ದೊಡ್ಡಬಳ್ಳಾಪುರಗಳ ಕಡೆಯಿಂದ ಈ ಮಹೋತ್ಸವಕ್ಕೆ ಬಂದಿರತಕ್ಕವರಿಗೆ ಅರ್ಕಾವತೀ ನದಿಯ ಸಂಗತಿಯನ್ನು ಹೊಸದಾಗಿ ಹೇಳಬೇಕಾದ್ದಿಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರವನ್ನು ಹಾದು, ಹೆಸರಘಟ್ಟದ ಕೆರೆಯನ್ನು ತುಂಬಿ, ಮುಂದೆ ಕಾವೇರಿಯನ್ನು ಸೇರುವ ಈ ಚಿಕ್ಕ ಹೊಳೆಗೆ 1894ರಲ್ಲಿ, ಕೆ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ ಕಾಲದಲ್ಲಿ, ಹೆಸರಘಟ್ಟದ ಬಳಿ ಕಟ್ಟೆ ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರನ್ನು ಒಯ್ಯುವ ಏರ್ಪಾಡಾಯಿತು. ಅದು ಸಾಲದೆ 1933ರಲ್ಲಿ ಅದೇ ಹೊಳೆಗೆ ತಿಪ್ಪಗೊಂಡನಹಳ್ಳಿಯಲ್ಲಿ ಮತ್ತೊಂದು ಜಲಾಶಯವಾಯಿತು. ಕಾಲಕ್ರಮದಲ್ಲಿ ಪಟ್ಟಣ ಬೆಳೆದು, ಹೊಳೆ ಸೊರಗಿತು. ಹೆಬ್ಬಾಳದಿಂದ ದೇವನಹಳ್ಳಿಯವರೆಗಿನ ಗ್ರಾಮಗಳವರು ಸೇದುವ ಬಾವಿಯನ್ನು ಬಿಟ್ಟು ಕೊಳವೆಬಾವಿಯನ್ನು ನಂಬಿದರು. ಆ ಕೊಳವೆಯೂ ವರ್ಷವರ್ಷಕ್ಕೆ ಆಳಕ್ಕಿಳಿದು, ಸಾವಿರ ಅಡಿ ಕೊರೆದರೂ ಬರಿಯ ಕಲ್ಲಿನ ಹುಡಿ ಬಂದುದನ್ನು ಕಂಡವರು ಈ ಸಭೆಯಲ್ಲಿ ಅನೇಕರಿರಬಹುದು.

ಆ ಆಳದಿಂದ ಒಂದು ಕೊಡ ನೀರು ಮೇಲಕ್ಕೆ ಬಂದಿತೆಂದು ಭಾವಿಸೋಣ. ಅದು ಯಾವ ಮಳೆಯ ನೀರು? ಮುಂಗಾರಿನದೋ, ಹಿಂಗಾರಿನದೋ? ಕಳೆದ ವರ್ಷದ್ದೋ, ಅಜ್ಜನ ಕಾಲದ್ದೋ? ಅದನ್ನು ಹಿಡಿದಿಟ್ಟುಕೊಂಡಿದ್ದ ಕಲ್ಲು ಎಷ್ಟು ಹಳೆಯದು, ಆ ಕಲ್ಲು ನೀರಿಗೆ ಏನನ್ನು ಬೆರಸಿ ಕಳುಹಿಸಿದೆ? ಇವು ನೀರಿನ ಬಣ್ಣವನ್ನಾಗಲಿ ರುಚಿಯನ್ನಾಗಲಿ ನೋಡಿ ಹೇಳತಕ್ಕ ಮಾತುಗಳಲ್ಲ. ಆದರೂ ಹೇಳಬಲ್ಲ ಒಂದು ವಿದ್ಯೆ ಇರುವುದು. ಆ ವಿದ್ಯೆಯಲ್ಲಿ ಆಯುಸ್ಸನ್ನು ಸವೆಸಿದ ವಿದ್ವಾಂಸರಲ್ಲೊಬ್ಬರು ಯಶವಂತಪುರದ ದಾರಿಯಲ್ಲಿಯೇ ಇರುವ ವಿಜ್ಞಾನ ಸಂಸ್ಥೆಯನ್ನು ತಮ್ಮ ಕಾರ್ಯಸ್ಥಾನವನ್ನಾಗಿ ಮಾಡಿಕೊಂಡರು. ಡಾಕ್ಟರ್ ಪ್ರೊಸೆನ್‌ಜಿತ್ ಘೋಷ್ ಎಂಬುದು ಅವರ ಹೆಸರು. ಜಮ್‌ಸೇಟ್‌ಜಿ ಟಾಟಾರವರ ಔದಾರ್ಯದಿಂದಲೂ ಮೈಸೂರು ರಾಜಮನೆತನದ ಭೂದಾನದಿಂದಲೂ 1909ರಲ್ಲಿ ಸ್ಥಾಪಿತವಾಗಿ, ಸುತ್ತಮುತ್ತಲ ಜನರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನಿಸಿಕೊಳ್ಳುವ ಆ ಸಂಸ್ಥೆಯ ಹೊರಗೋಡೆಯ ಪಕ್ಕದಲ್ಲಿ ಹಾದುಹೋಗದ ಯಲಹಂಕದವನು ಅಪರೂಪ. ಒಳಗೆ ನಡೆಯುವುದೇನೆಂದು ಬಲ್ಲವನು ಇನ್ನೂ ಅಪರೂಪ.

ಮೊದಲು ಆ ವಿದ್ಯೆಯ ಬೀಜವನ್ನು ತಿಳಿಯಬೇಕು. ಒಂದೇ ಮೂಲವಸ್ತುವಿನ ಪರಮಾಣುಗಳೆಲ್ಲವೂ ಒಂದೇ ತೂಕದವೆಂದು ಪೂರ್ವದಲ್ಲಿ ಪಂಡಿತರು ನಂಬಿದ್ದರು. ಹಾಗಲ್ಲವೆಂದು 1913ರಲ್ಲಿ ಫ್ರೆಡರಿಕ್ ಸಾಡಿ ಎಂಬ ಆಂಗ್ಲ ರಸಾಯನಶಾಸ್ತ್ರಜ್ಞರು ತೋರಿಸಿಕೊಟ್ಟು, ಗುಣದಲ್ಲಿ ಒಂದಾಗಿ ತೂಕದಲ್ಲಿ ಬೇರೆಯಾದ ಇಂಥ ಪರಮಾಣುಗಳಿಗೆ ಐಸೊಟೋಪ್ ಎಂಬ ಹೆಸರನ್ನಿಟ್ಟರು. ಆ ಹೆಸರನ್ನು ಸೂಚಿಸಿದವರು ಮಾರ್ಗರೆಟ್ ಟಾಡ್ ಎಂಬ ವೈದ್ಯೆ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಒಂದೇ ಸ್ಥಾನದಲ್ಲಿರತಕ್ಕದ್ದೆಂದು ಅರ್ಥವಾದುದರಿಂದ ಕನ್ನಡದಲ್ಲಿ ಸಮಸ್ಥಾನಿ ಎನ್ನುವರು. ದಾಸೋಹದ ಪಂಕ್ತಿಯಲ್ಲಿ ಒಂದೇ ಸ್ಥಳದಲ್ಲಿ ಕುಳಿತ ಅಣ್ಣತಮ್ಮಂದಿರಂತೆ ಇವು. ಮುಖ ಒಂದೇ, ಮೈಯ ಭಾರ ಮಾತ್ರ ಬೇರೆ. ಅಮ್ಲಜನಕವನ್ನು ತೆಗೆದುಕೊಂಡರೆ, ಅದರ ನೂರು ಪಾಲಿನಲ್ಲಿ 99.76 ಪಾಲು 16 ತೂಕದ್ದು, ಸುಮಾರು 0.2 ಪಾಲು 18 ತೂಕದ್ದು. ನಡುವಿನ 17 ತೂಕದ್ದು ಅತ್ಯಲ್ಪ. ಜಲಜನಕಕ್ಕೂ ಇಮ್ಮಡಿ ತೂಕದ ತಮ್ಮನೊಬ್ಬನಿರುವುದನ್ನು 1931ರಲ್ಲಿ ಅಮೇರಿಕದ ಹೆರಾಲ್ಡ್ ಯೂರೆ ಎಂಬವರು ಕಂಡುಹಿಡಿದರು. ಆದಕಾರಣ ಲೋಕದಲ್ಲಿ ನೀರೆಂಬುದು ಒಂದೇ ಬಗೆಯದಲ್ಲ. ಹಗುರಾದ ನೀರಿನಲ್ಲಿ ಭಾರವಾದ ನೀರು ಎಲ್ಲೆಡೆಯೂ ಸ್ವಲ್ಪ ಬೆರೆತೇ ಇರುವುದು.

ಈ ಬೆರಕೆಯ ಪ್ರಮಾಣವು ಎಲ್ಲೆಡೆಯಲ್ಲಿಯೂ ಸಮನಾಗಿಲ್ಲ. ವಿದ್ಯೆಯೆಲ್ಲವೂ ನಿಂತಿರುವುದು ಇದರ ಮೇಲೆಯೇ. ಕಣದಲ್ಲಿ ರಾಗಿ ತೂರುವವರು ಬಲ್ಲರು: ಗಟ್ಟಿ ಕಾಳು ಮೊರದ ಬುಡದಲ್ಲಿಯೇ ಬೀಳುವುದು, ಜೊಳ್ಳು ದೂರಕ್ಕೆ ಹಾರುವುದು. ಅರಬ್ಬೀ ಸಮುದ್ರದಿಂದೆದ್ದ ಮುಂಗಾರು ಮೋಡವು ಸಹ್ಯಾದ್ರಿಯನ್ನು ಏರುವಾಗ ಭಾರವಾದ ನೀರನ್ನು ಮೊದಲು ಸುರಿದು, ಘಟ್ಟವನ್ನಿಳಿದು ಬಯಲುಸೀಮೆಗೆ ಬರುವ ವೇಳೆಗೆ ತನ್ನ ಆವಿಯಲ್ಲಿ ಹಗುರಾದುದನ್ನೇ ಹೆಚ್ಚಾಗಿ ಉಳಿಸಿಕೊಂಡಿರುತ್ತದೆ. ಕೆರೆಯ ನೀರಿನಲ್ಲಿ ಇದಕ್ಕೆ ವಿಪರೀತ. ಬೇಸಗೆಯ ಬಿಸಿಲಿಗೆ ಹಗುರಾದ ನೀರು ಆವಿಯಾಗಿ ಹೋಗಿ, ಉಳಿದ ನೀರಿನಲ್ಲಿ ಭಾರವಾದುದರ ಪಾಲು ಏರುವುದು. ಇಂಥ ವ್ಯತ್ಯಾಸಗಳು ಸಾವಿರದಲ್ಲಿ ಕೆಲವು ಪಾಲುಗಳಷ್ಟು ಮಾತ್ರ. ಅಷ್ಟನ್ನು ಅಳೆಯಲು ಅಯಸ್ಕಾಂತದ ಬಲದಿಂದ ಪರಮಾಣುಗಳನ್ನೇ ತೂರಿ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವುಂಟು. ಅದೂ ಒಂದು ಮೊರವೆಂದರೆ ತಪ್ಪಾಗಲಾರದು.

ಡಾಕ್ಟರ್ ಘೋಷರ ವ್ಯಾಸಂಗವು ಅಹಮ್ಮದಾಬಾದಿನ ಫಿಜಿಕಲ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ನಡೆಯಿತು. ಅಲ್ಲಿ ಎಸ್. ಕೆ. ಭಟ್ಟಾಚಾರ್ಯ ಮೊದಲಾದವರೊಡನೆ ಅವರು ಕೈಗೊಂಡ ವಿಷಯವು ಹಳೆಯ ಮಣ್ಣು. ಒಣಭೂಮಿಯನ್ನು ಅಗೆಯುವಾಗ ಮಣ್ಣಿನೊಳಗೆ ಬಿಳಿಯ ಸುಣ್ಣದ ಗಂಟುಗಳು ಸಿಕ್ಕುವುದನ್ನು ರೈತರೆಲ್ಲರೂ ಕಂಡಿರುವರು. ನೇಗಿಲಿಗೆ ಅಡ್ಡಿಯೆಂದು ಬದುವಿಗೆ ಎಸೆಯತಕ್ಕ ಪದಾರ್ಥ ಅದು. ಆದರೆ ಆ ಗಂಟು ಹುಟ್ಟುವಾಗ ಅಂದಿನ ಮಳೆನೀರಿನ ಅಮ್ಲಜನಕವನ್ನೂ ಅಂದಿನ ಗಿಡಮರಗಳ ಬೇರುಗಳು ಉಸಿರಾಡಿದ ಇಂಗಾಲವನ್ನೂ ತನ್ನೊಳಗೆ ಸೇರಿಸಿಕೊಂಡು ಕಲ್ಲಾಗುವುದು. ಮಧ್ಯಭಾರತದಲ್ಲಿ ಸುಮಾರು ಏಳು ಕೋಟಿ ವರ್ಷಗಳ ಹಿಂದೆ, ಡೈನೋಸಾರ್ ಎಂಬ ಮಹಾಕಾಯ ಪ್ರಾಣಿಗಳು ಬಾಳುತ್ತಿದ್ದ ಯುಗದಲ್ಲಿ, ಮಣ್ಣಿನೊಳಗೆ ಹುಟ್ಟಿದ ಇಂಥ ಗಂಟುಗಳಿಂದ ಆ ಕಾಲದ ಹವೆಯನ್ನೂ ಸಸ್ಯವನ್ನೂ ಊಹಿಸಿ ಇವರು 1995ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ತರುವಾಯ ಜರ್ಮನಿಯ ಯೇನಾ ಪಟ್ಟಣದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ವಿಲ್ಲಿ ಬ್ರ್ಯಾಂಡ್ ಎಂಬವರೊಡನೆ ವಾಯುವಿನ ಸಮಸ್ಥಾನಿಗಳನ್ನು ನಿಷ್ಕೃಷ್ಟವಾಗಿ ಅಳೆಯುವ ಕ್ರಮವನ್ನು ರೂಢಿಸಿಕೊಂಡು, ಅಲ್ಲಿಂದ ಅಮೇರಿಕದ ಕ್ಯಾಲ್‌ಟೆಕ್ ವಿದ್ಯಾಲಯಕ್ಕೆ ಹೋದರು. ಅವರ ಕೀರ್ತಿಗೆ ಕಾರಣವಾದ ಕೆಲಸ ನಡೆದುದು ಅಲ್ಲಿ, ಜಾನ್ ಐಲರ್ ಎಂಬವರ ಪ್ರಯೋಗಶಾಲೆಯಲ್ಲಿ.

ಆ ಕೆಲಸದ ಮರ್ಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿರುವುದು. ಸುಣ್ಣಕಲ್ಲಿನಲ್ಲಿ ಭಾರವಾದ ಅಮ್ಲಜನಕದ ಪಾಲು ಎಷ್ಟೆಂಬುದರಿಂದ ಅದು ಹುಟ್ಟಿದ ಕಾಲದ ಉಷ್ಣಮಾನವನ್ನು ಹೇಳಬಹುದೆಂದು ಹೆರಾಲ್ಡ್ ಯೂರೆಯವರು 1947ರಲ್ಲಿಯೇ ಸೂಚಿಸಿದ್ದರು. ಆದರೆ ಆ ಉಪಾಯದಲ್ಲೊಂದು ತೊಡಕಿತ್ತು. ಕಲ್ಲಿನ ತೂಕವು ಉಷ್ಣದಿಂದಲೂ ಬದಲಾಗುವುದು, ಅದು ಹುಟ್ಟಿದ ನೀರಿನ ತೂಕದಿಂದಲೂ ಬದಲಾಗುವುದು. ಮೊಸರು ಹುಳಿಯಾದುದು ಹೆಪ್ಪು ಹೆಚ್ಚಾದುದರಿಂದಲೋ ದಿನದ ಸೆಕೆಯಿಂದಲೋ ಎಂಬುದನ್ನು ರುಚಿಯೊಂದರಿಂದಲೇ ನಿರ್ಣಯಿಸಲಾಗದಷ್ಟೆ? ಕೋಟಿ ವರ್ಷಗಳ ಹಿಂದಿನ ನೀರನ್ನು ಇಂದು ತಂದು ತೂಗುವ ಹಾಗಿಲ್ಲವಾದುದರಿಂದ ಲೆಕ್ಕವು ಅರ್ಧದಲ್ಲಿಯೇ ನಿಲ್ಲುತ್ತಿದ್ದಿತು. ಐಲರ್ ಮತ್ತು ಘೋಷರು ಹಿಡಿದ ಮಾರ್ಗ ಬೇರೆ. ಕಲ್ಲಿನೊಳಗೆ ಭಾರವಾದ ಇಂಗಾಲವೂ ಉಂಟು, ಭಾರವಾದ ಅಮ್ಲಜನಕವೂ ಉಂಟು. ಎರಡೂ ವಿರಳ. ಈ ವಿರಳಗಳೆರಡು ಒಂದನ್ನೊಂದು ಕೈಹಿಡಿದಿರುವುದು ಇನ್ನೂ ವಿರಳ. ಚಳಿಯಲ್ಲಿ ಜನರು ಒತ್ತಾಗಿ ಕುಳಿತು, ಸೆಕೆಯಲ್ಲಿ ದೂರದೂರ ಸರಿಯುವಂತೆ, ಶೀತದಲ್ಲಿ ಹುಟ್ಟಿದ ಕಲ್ಲಿನಲ್ಲಿ ಭಾರವಾದ ಜೋಡಿಗಳು ಹೆಚ್ಚು, ಉಷ್ಣದಲ್ಲಿ ಹುಟ್ಟಿದುದರಲ್ಲಿ ಕಡಿಮೆ. ನೀರಿನ ತೂಕ ಏನೇ ಇರಲಿ, ಈ ಜೋಡಿಗಳನ್ನು ಎಣಿಸಿದರೆ ಉಷ್ಣಮಾನವು ಕಲ್ಲೊಂದರಿಂದಲೇ ಹೊರಪಡುವುದು.

ಎಣಿಸುವುದು ಸುಲಭವಲ್ಲ. ಕಲ್ಲಿನ ಪುಡಿಯನ್ನು ಫಾಸ್ಫಾರಿಕ್ ಆಮ್ಲದಲ್ಲಿ ಕರಗಿಸಿದಾಗ ಬರುವ ಇಂಗಾಲಾಮ್ಲ ವಾಯುವಿನಲ್ಲಿ, ಹತ್ತು ಲಕ್ಷ ಅಣುಗಳಿಗೆ ಸುಮಾರು 45 ಮಾತ್ರ ಇಂಥ ಭಾರದ ಅಣುಗಳು, ಅಂದರೆ 47 ತೂಕದವು. ಎಣಿಸಬೇಕಾದುದು ಅವನ್ನಷ್ಟೇ ಅಲ್ಲ, ಅವುಗಳ ಸಂಖ್ಯೆಯಲ್ಲಿ ಉಷ್ಣದಿಂದಾಗುವ ಅತ್ಯಲ್ಪ ಏರಿಳಿತವನ್ನು. ಘೋಷರು 1ರಿಂದ 50 ಡಿಗ್ರಿ ಸೆಂಟಿಗ್ರೇಡ್‌ವರೆಗಿನ ಬೇರೆಬೇರೆ ಗೊತ್ತಾದ ಉಷ್ಣಗಳಲ್ಲಿ ಸುಣ್ಣದ ಹರಳುಗಳನ್ನು ಪ್ರಯೋಗಶಾಲೆಯಲ್ಲಿಯೇ ಬೆಳೆಸಿ, ಒಂದೊಂದರಲ್ಲಿಯೂ ಜೋಡಿಗಳನ್ನು ಎಣಿಸಿ, ಅಳತೆಗೋಲನ್ನು ಸಿದ್ಧಪಡಿಸಿದರು. 2006ರಲ್ಲಿ ಅದು ಪ್ರಕಟವಾಯಿತು. ಅದೇ ವರ್ಷ ಅವರೂ ಗಾರ್ಜಿಯೋನ್, ಐಲರ್ ಎಂಬವರೂ ದಕ್ಷಿಣ ಅಮೇರಿಕದ ಬೊಲಿವಿಯಾ ದೇಶದ ಆಲ್ಟಿಪ್ಲಾನೋ ಎಂಬ ಎತ್ತರದ ಪ್ರಸ್ಥಭೂಮಿಯ ಹಳೆಯ ಮಣ್ಣಿನ ಗಂಟುಗಳಿಗೆ ಆ ಕೋಲನ್ನು ಹಿಡಿದು ನೋಡಿದರು. ಬೆಟ್ಟದ ಮೇಲೆ ತಂಪು, ಬಯಲಲ್ಲಿ ಸೆಕೆ. ಆದಕಾರಣ ಕಾಲಾನುಕ್ರಮದಲ್ಲಿ ಗಂಟುಗಳು ತಂಪಾಗುತ್ತ ಬಂದಿದ್ದರೆ ನೆಲವು ಮೇಲೆದ್ದಿದೆಯೆಂದು ತರ್ಕ. ಸುಮಾರು 103 ಲಕ್ಷ ವರ್ಷಗಳ ಹಿಂದಿನಿಂದ 67 ಲಕ್ಷ ವರ್ಷಗಳ ಹಿಂದಿನವರೆಗೆ ಆ ನೆಲವು ವರ್ಷಕ್ಕೆ ಒಂದು ಮಿಲಿಮೀಟರಿಗೆ ತುಸು ಮೇಲ್ಪಟ್ಟು ಏರಿತೆಂದು ಅವರು ಲೆಕ್ಕಹಾಕಿದರು. ವರ್ಷಕ್ಕೊಂದು ಮಿಲಿಮೀಟರೆಂದರೆ ಅಲ್ಪವೆಂದು ತೋರೀತು. ಭೂಮಿಯ ನಡಿಗೆಯಲ್ಲಿ ಅದು ಓಟ.

ವಿದ್ವಲ್ಲೋಕವು ಇದನ್ನು ತಲೆಬಾಗಿ ಒಪ್ಪಿಕೊಂಡಿತೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ನೆಲ ಏರಿದಂತೆ ಮಳೆಗಾಳಿಗಳೂ ಬದಲಾಗುವುದರಿಂದ ತಂಪಿಗೆ ಎತ್ತರವೊಂದೇ ಕಾರಣವಲ್ಲವೆಂದು ಕೆಲವರು ಆಕ್ಷೇಪಿಸಿದರು. ಅದಕ್ಕಿಂತಲೂ ಗಂಭೀರವಾದುದು ಅಳತೆಗೋಲಿನ ಮೇಲಣ ಆಕ್ಷೇಪ. 2010ರಲ್ಲಿ ಡೆನ್ನಿಸ್ ಮತ್ತು ಶ್ರಾಗ್ ಎಂಬವರು ತಾವು ಬೆಳೆಸಿದ ಹರಳುಗಳಿಂದ ಹೊರಡಿಸಿದ ರೇಖೆಯು ಘೋಷರ ರೇಖೆಯಷ್ಟು ಕಡಿದಾಗಿರಲಿಲ್ಲ. ಒಂದೇ ಕಲ್ಲಿಗೆ ಎರಡು ಪ್ರಯೋಗಶಾಲೆಗಳು ಎರಡು ಉಷ್ಣಗಳನ್ನು ಹೇಳುವಂತಾದರೆ ವಿದ್ಯೆಗೆ ಮರ್ಯಾದೆ ಎಲ್ಲಿ? ಸಂತೆಯಲ್ಲಿ ಒಬ್ಬೊಬ್ಬ ವ್ಯಾಪಾರಿಯ ಸೇರು ಒಂದೊಂದು ತೆರನಾದರೆ ಆಗುವ ಅವಸ್ಥೆಯೇ ಇದು. 2011ರಲ್ಲಿ ಎಲ್ಲ ಪ್ರಯೋಗಶಾಲೆಗಳಿಗೂ ಸಾಧಾರಣವಾದ ಮಾನವೊಂದು ಗೊತ್ತಾಯಿತು. 2021ರಲ್ಲಿ, ಹಂಚಿಕೊಂಡ ಒಂದೇ ಬಗೆಯ ಮಾದರಿಕಲ್ಲುಗಳನ್ನು ಅನೇಕ ದೇಶಗಳ ಪ್ರಯೋಗಶಾಲೆಗಳವರು ಅಳೆದು ತಾಳೆನೋಡಿದ ಮೇಲೆ ಭಿನ್ನಾಭಿಪ್ರಾಯವು ಬಹುಮಟ್ಟಿಗೆ ಕರಗಿತು. ಮೊದಲ ಕೋಲನ್ನು ಕಡೆದವರ ರೇಖೆಯೇ ಕಡೆಗೂ ನಿಲ್ಲಲಿಲ್ಲ. ಆದರೆ ಕೋಲೆಂಬುದೊಂದು ಸಾಧ್ಯವೆಂದು ತೋರಿಸಿಕೊಟ್ಟ ಗೌರವವು ಅದರಿಂದ ಕುಂದುವುದಿಲ್ಲ. ತನ್ನ ಕಾಯಕವನ್ನು ಹತ್ತು ಜನರು ಒರೆಗೆ ಹಚ್ಚಿ ನೋಡಲೆಂದು ಬೀದಿಯಲ್ಲಿಡುವುದು ಎಲ್ಲ ವೃತ್ತಿಗಳಲ್ಲಿಯೂ ವಾಡಿಕೆಯಲ್ಲ.

ಆ ಬಳಿಕ ಘೋಷರು ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯ ಭೂವಿಜ್ಞಾನ ಕೇಂದ್ರದಲ್ಲಿ ನೆಲೆಸಿದರು. ಆಂಡೀಸ್ ಪರ್ವತವನ್ನು ಅಳೆದವರು ಇಲ್ಲಿ ಕೈಗೆತ್ತಿಕೊಂಡುದು ಬೆಂಗಳೂರಿನ ಮಳೆ, ಬೆಂಗಳೂರಿನ ಗಾಳಿ, ಬಸವನಹುಳು. ತಾನಿಯಾ ಗುಹಾ ಎಂಬ ಶಿಷ್ಯೆಯೊಡನೆ ಅವರು ಪಟ್ಟಣದ ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹಗಲಿರುಳು ಅಳೆದರು. ಚಳಿಗಾಲದ ರಾತ್ರಿ ಗಾಳಿ ಅಲುಗದೆ ನೆಲದ ಮಟ್ಟದಲ್ಲಿಯೇ ನಿಂತಾಗ ಆ ವಾಯು ಶೇಖರವಾಗುವುದು. ಅದರ ಇಂಗಾಲದ ತೂಕವನ್ನು ನೋಡಿ ಎಷ್ಟು ಭಾಗ ಗಿಡಮರಗಳ ಉಸಿರು, ಎಷ್ಟು ಭಾಗ ವಾಹನಗಳ ಹೊಗೆ ಎಂದು ವಿಂಗಡಿಸಬಹುದು.

ಬಸವನಹುಳುವಿನ ಸಂಗತಿ ಇನ್ನೂ ವಿನೋದವಾದುದು. ಮಳೆಗಾಲದಲ್ಲಿ ತೋಟಗಳಿಗೆ ನುಗ್ಗಿ ಎಲೆಯನ್ನು ಬೋಳಿಸುವ ದೊಡ್ಡ ಬಸವನಹುಳು ಈ ನಾಡಿನದಲ್ಲ. ಆಫ್ರಿಕದ ಆ ಜೀವಿಯನ್ನು 1847ರಲ್ಲಿ ಬೆನ್ಸನ್ ಎಂಬ ಆಂಗ್ಲರು ಮಾರಿಷಸ್ ದ್ವೀಪದಿಂದ ಕಲ್ಕತ್ತೆಗೆ ತಂದರು. ತೋಟದೊಳಗೆ ಬಿಟ್ಟುದು ದೇಶವೆಲ್ಲ ಹಬ್ಬಿತು. ರೈತನಿಗೆ ಅದು ಶನಿ. ಘೋಷರಿಗೂ ಅವರ ಶಿಷ್ಯ ರವಿ ರಂಗರಾಜನ್‌ರಿಗೂ ಅದೊಂದು ಕಡತವಾಯಿತು. ಹುಳುವು ಒದ್ದೆಯ ದಿನಗಳಲ್ಲಿ ಚಿಪ್ಪನ್ನು ಗೆರೆಗೆರೆಯಾಗಿ ಬೆಳೆಸಿಕೊಳ್ಳುವುದರಿಂದ, ಆಯಾ ಕಾಲದ ಮಳೆನೀರಿನ ಗುರುತು ಆಯಾ ಗೆರೆಯಲ್ಲಿ ಉಳಿಯುವುದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಫ್ರೆಡ್ ನ್ಯಾಗ್ಸ್ ಎಂಬವರನ್ನೂ ಸೇರಿಸಿಕೊಂಡು 2013ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮಳೆಮಾಪಕವಿಲ್ಲದ ಊರಿನಲ್ಲಿಯೂ ಹಳೆಯ ಚಿಪ್ಪೊಂದು ಸಿಕ್ಕಿದರೆ ಅಂದಿನ ಮಳೆಗಾಲದ ಚರ್ಯೆಯನ್ನು ಅದರಿಂದ ಓದಬಹುದೆಂದಾಯಿತು.

ಅದೇ 2013ರ ಮಳೆಗಾಲದಲ್ಲಿ ಪಿ. ರಾಹುಲ್ ಮೊದಲಾದವರೊಡನೆ ಬೆಂಗಳೂರಿನ ಮಳೆನೀರನ್ನೂ ಗಾಳಿಯ ನೀರಾವಿಯನ್ನೂ ಜೊತೆಜೊತೆಯಾಗಿ ಸಂಗ್ರಹಿಸಿ ತೂಗಿದರು. 2016ರಲ್ಲಿ ಅದರ ಫಲ ಪ್ರಕಟವಾಯಿತು. ಮುಂದೆ ಬೆಂಗಳೂರು ಮತ್ತು ತಿರುವನಂತಪುರಗಳ ಮಳೆಯನ್ನು ವರ್ಷಾನುಗಟ್ಟಲೆ ಹೋಲಿಸಿ ನೋಡಿದರು. ಮೃಗಶಿರೆ, ಆರಿದ್ರೆ, ಪುಷ್ಯದ ಮಳೆಗಳು ಪಶ್ಚಿಮದ ಸಮುದ್ರದವು. ಚಿತ್ತೆ, ಸ್ವಾತಿಗಳ ಹೊತ್ತಿಗೆ ಗಾಳಿ ತಿರುಗಿ ಬಂಗಾಳ ಕೊಲ್ಲಿಯ ನೀರು ಬರುವುದು. ಹಿಂಗಾರಿನ ನೀರು ಸಾಮಾನ್ಯವಾಗಿ ಮುಂಗಾರಿನದಕ್ಕಿಂತ ಹಗುರು. ಎರಡೂ ಮಳೆಗಳನ್ನು ಕಾಣುವ ಬೆಂಗಳೂರಿನ ಸೀಮೆಗೆ ಇದರ ಪ್ರಯೋಜನ ಸಣ್ಣದಲ್ಲ. ಬಾವಿಯ ನೀರಿನ ತೂಕವು ಯಾವ ಮಳೆಯ ತೂಕವನ್ನು ಹೋಲುವುದೋ ಆ ಮಳೆಯೇ ಅಂತರ್ಜಲಕ್ಕೆ ಇಳಿಯಿತೆಂದು ತಿಳಿಯಬಹುದು. ಆವಿಯಾಗಿ ಭಾರಗೊಂಡ ನೀರು ಬಾವಿಯಲ್ಲಿ ಕಂಡರೆ ಕೆರೆಯಿಂದ ಇಂಗಿತೆಂದು ತಿಳಿಯಬಹುದು. ನೀರಿನ ವಯಸ್ಸಿಗೆ ಮತ್ತೊಂದು ಸಮಸ್ಥಾನಿ ಉಂಟು: ಟ್ರಿಟಿಯಂ ಎಂಬ ಮುಮ್ಮಡಿ ತೂಕದ ಜಲಜನಕ. ಅದು 12 ವರ್ಷಗಳಿಗೆ ತುಸು ಮೇಲ್ಪಟ್ಟ ಅವಧಿಯಲ್ಲಿ ಅರ್ಧವಾಗಿ ಕ್ಷಯಿಸುವುದು. 1950ರಿಂದ ಮುಂದೆ ನಡೆದ ಅಣುಬಾಂಬಿನ ಪರೀಕ್ಷೆಗಳಿಂದ ಲೋಕದ ಮಳೆಯಲ್ಲೆಲ್ಲ ಅದು ಹೆಚ್ಚಾಗಿ 1963ರ ಸುಮಾರಿಗೆ ತುತ್ತತುದಿಯನ್ನು ಮುಟ್ಟಿತು. ಟ್ರಿಟಿಯಂ ಲೇಶವೂ ಇಲ್ಲದ ನೀರು ಆಳದಿಂದ ಬಂದರೆ, ಅದು ಆ ಪರೀಕ್ಷೆಗಳಿಗೂ ಹಿಂದಿನ ಮಳೆ. ಅಂಥ ನೀರನ್ನು ಎತ್ತುವವನು ವರ್ಷದ ಆದಾಯವನ್ನು ತಿನ್ನುತ್ತಿಲ್ಲ. ಪೂರ್ವಾರ್ಜಿತ ಗಂಟನ್ನು ಬಿಚ್ಚುತ್ತಿದ್ದಾನೆ.

ಇನ್ನು ಕಲ್ಲಿನ ಮಾತು. ನೀರಿನ ಚರಿತ್ರೆಯನ್ನು ಘೋಷರು ಓದಿದಂತೆ, ಈ ನಾಡಿನ ಕಲ್ಲಿನ ಚರಿತ್ರೆಯನ್ನು ಓದಿದವರಲ್ಲಿ ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಬಹುಕಾಲ ಕೆಲಸಮಾಡಿ ಮುಂದೆ ದಿಲ್ಲಿಗೂ ಹೈದರಾಬಾದಿಗೂ ಹೋದ ಡಾಕ್ಟರ್ ಎಂ. ಜಯಾನಂದರು ಮುಖ್ಯರು. ಇಲ್ಲಿ ಬೇಕಾಗುವ ಸಮಸ್ಥಾನಿಗಳು ಬೇರೆ. ಇವು ಕಾಲಕ್ರಮದಲ್ಲಿ ತಾವಾಗಿಯೇ ಮತ್ತೊಂದು ವಸ್ತುವಾಗಿ ಮಾರ್ಪಡತಕ್ಕವು. 238 ತೂಕದ ಯುರೇನಿಯಂ ಸುಮಾರು 447 ಕೋಟಿ ವರ್ಷಗಳಲ್ಲಿ ಅರ್ಧ ಭಾಗ ಸೀಸವಾಗುವುದು; ಸಮೇರಿಯಂ ಎಂಬುದರ ಒಂದು ಸಮಸ್ಥಾನಿ ಇನ್ನೂ ನಿಧಾನವಾಗಿ ನಿಯೋಡಿಮಿಯಂ ಆಗುವುದು. ಎಣ್ಣೆ ಎಷ್ಟು ಉರಿದಿದೆಯೆಂದು ನೋಡಿ ದೀಪ ಹಚ್ಚಿದ ಹೊತ್ತನ್ನು ಹೇಳುವಂತೆ, ಉಳಿದುದನ್ನೂ ಹುಟ್ಟಿದುದನ್ನೂ ತೂಗಿ ಕಲ್ಲಿನ ಹುಟ್ಟನ್ನು ಹೇಳುವರು. ಫ್ರಾನ್ಸಿನ ಪ್ಯೂಕಾ ಮೊದಲಾದವರೊಡನೆ ಜಯಾನಂದರು 2000ದಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಕರ್ನಾಟಕದ ಪೂರ್ವಭಾಗದ ವಿಸ್ತಾರವಾದ ಶಿಲಾರಾಶಿಯು 255 ಕೋಟಿಯಿಂದ 252 ಕೋಟಿ ವರ್ಷಗಳ ಹಿಂದೆ, ಭೂಗರ್ಭದಿಂದ ಹೊಸದಾಗಿ ಮೇಲಕ್ಕೆ ಬಂದ ಕರಗುಶಿಲೆಯಿಂದ ಆದುದು. ಪಶ್ಚಿಮದಲ್ಲಿಯಾದರೆ ಕಥೆ ಇನ್ನೂ ಹಳೆಯದು. ಬಾಣಸಂದ್ರ, ನುಗ್ಗೇಹಳ್ಳಿ, ಕಲ್ಯಾಡಿ ಮುಂತಾದೆಡೆಗಳ ಕೊಮಾಟಿಯೈಟ್ ಎಂಬ ಅತ್ಯುಷ್ಣ ಲಾವಾಶಿಲೆಗೆ ಸುಮಾರು 335 ಕೋಟಿ ವರ್ಷವೆಂದು 2008ರಲ್ಲಿ ಅವರು ಮತ್ತು ಅವರ ಜೊತೆಗಾರರು ನಿರ್ಣಯಿಸಿದರು. ನುಗ್ಗೇಹಳ್ಳಿಗೆ ದೇವಾಲಯವನ್ನು ನೋಡಲು ಹೋಗುವವರು ಕಾಲ್ಕೆಳಗಿನ ಕಲ್ಲನ್ನೂ ಒಮ್ಮೆ ನೋಡಬಹುದು.

ಗಡಿಯಾರವಾಗಿ ಇಷ್ಟು ಉಪಕಾರಿಯಾದ ಯುರೇನಿಯಮ್ಮೇ ಕೊಳವೆಬಾವಿಯ ಬಾಯಲ್ಲಿ ಬೇರೊಂದು ರೂಪವನ್ನು ತಾಳುವುದು. ಪೂರ್ವ ಕರ್ನಾಟಕದ ಗ್ರಾನೈಟು ಮತ್ತು ನೈಸ್ ಶಿಲೆಗಳಲ್ಲಿ ಅದು ಸೂಕ್ಷ್ಮ ಪ್ರಮಾಣದಲ್ಲಿ ಹರಡಿಕೊಂಡಿದೆ. ಮೇಲಣ ನೀರು ಮುಗಿದು ಆಳದ ಬಿರುಕುಗಳ ನೀರನ್ನೇ ಎತ್ತತೊಡಗಿದಾಗ, ಕಲ್ಲಿನೊಡನೆ ಬಹುಕಾಲ ಕೂಡಿದ್ದ ಆ ನೀರಿನಲ್ಲಿ ಯುರೇನಿಯಂ ಕರಗಿ ಬರುವುದು. ಯಶವಂತಪುರದ ಹಾದಿಯ ಅದೇ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ಆರ್. ಶ್ರೀನಿವಾಸನ್ ಮತ್ತು ಅವರ ಜೊತೆಗಾರರು ಪೂರ್ವಭಾಗದ 73 ಗ್ರಾಮಗಳ ಕುಡಿಯುವ ನೀರನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, 57 ಗ್ರಾಮಗಳಲ್ಲಿ ಅದು ಲೀಟರಿಗೆ 30 ಮೈಕ್ರೋಗ್ರಾಮೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಮೀರಿತ್ತು. 48ರಲ್ಲಿ 60 ಮೈಕ್ರೋಗ್ರಾಮನ್ನೂ ಮೀರಿತ್ತು. ಇದರಿಂದ ಬರುವ ಮುಖ್ಯ ಅಪಾಯವು ಅಣುಕಿರಣದ್ದಲ್ಲ; ಲೋಹದ ವಿಷವಾಗಿ ಅದು ಮೂತ್ರಪಿಂಡವನ್ನು ಕೆಡಿಸುವುದು.

ಊರಿಗೆ ಹಿಂದಿರುಗುವ ಗೃಹಸ್ಥರು ಇದರಲ್ಲಿ ಗಮನಿಸತಕ್ಕದ್ದು ಒಂದುಂಟು. ಈ ನೀರು ತಿಳಿಯಾಗಿಯೇ ಇರುವುದು, ರುಚಿಯೂ ಕೆಟ್ಟಿರುವುದಿಲ್ಲ. ಪ್ರಯೋಗಶಾಲೆಗೆ ಸೀಸೆಯಲ್ಲಿ ಕಳುಹಿಸಿ ಪರೀಕ್ಷೆ ಮಾಡಿಸದೆ ತಿಳಿಯುವ ಉಪಾಯವಿಲ್ಲ. ಕಾಯಿಸಿ ಆರಿಸಿದರೆ ಕ್ರಿಮಿಗಳು ಸಾಯುವುವೇ ಹೊರತು ಯುರೇನಿಯಂ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಅದರ ಪ್ರಮಾಣ ಏರುವುದು. ಗ್ರಾಮಗಳಲ್ಲಿ ಸ್ಥಾಪಿತವಾಗಿರುವ ಶುದ್ಧ ನೀರಿನ ಘಟಕಗಳ ಪೊರೆಯ ಶೋಧಕವು ಅದರ ಬಹುಭಾಗವನ್ನು ತಡೆಯುವುದು ನಿಜ. ಆದರೆ ತಡೆದ ವಿಷವೆಲ್ಲವೂ ಘಟಕದ ಹಿಂಬದಿಯ ಕೊಳವೆಯಿಂದ ಹೊರಬೀಳುವ ತ್ಯಾಜ್ಯದ ನೀರಿನಲ್ಲಿಯೇ ಇರುವುದು. ಆ ನೀರು ಹೊರಗೆ ಹರಿದರೆ ಮತ್ತೆ ಇಂಗುವುದು ಅದೇ ನೆಲದೊಳಕ್ಕೆ.